ಇದು ಯಾ ಗೇಜು?

ಟೋಕಿಯೊಗೆ ಹೋದ ಮೊದಲ ಚಳಿಗಾಲದಲ್ಲಿ ನಾನು ಇಂಜಿನ್ ಇಲ್ಲದ ರೈಲೊಂದನ್ನು ಕೊಂಡೆ. ಗೊತ್ತಿದ್ದು ಕೊಂಡದ್ದಲ್ಲ. ಅಕಿಹಬಾರಾದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ಗಾಜಿನ ಕಪಾಟಿನಲ್ಲಿ, ದಿನವೂ ನಾನು ಆಫೀಸಿಗೆ ಹೋಗುವ ಚುವೊ ಲೈನಿನ ಕಿತ್ತಳೆ ಪಟ್ಟಿಯ ನಾಲ್ಕು ಬೋಗಿಗಳು ಪುಸ್ತಕದಂಥ ಡಬ್ಬದೊಳಗೆ ಸಾಲಾಗಿ ಮಲಗಿದ್ದವು. ಒಂದೊಂದೂ ಗೇಣಿಗಿಂತ ಚಿಕ್ಕದು. ಕಿಟಕಿ, ಬಾಗಿಲು, ಛಾವಣಿಯ ಮೇಲಿನ ಏಸಿ, ಎಲ್ಲ ಇದ್ದವು. ಬೆಲೆಯೂ ಅಗ್ಗವಾಗಿತ್ತು. ಡಬ್ಬದ ಮೇಲಿನ ಎರಡು ಕಾಂಜಿ ಅಕ್ಷರಗಳನ್ನು ಓದಲು ನನಗಾಗ ಬರುತ್ತಿರಲಿಲ್ಲ.

ಅವು ‘ಝೋಕೆತ್ಸು’ ಎಂಬ ಅಕ್ಷರಗಳು. ಮೊದಲೇ ಇರುವ ಗಾಡಿಗೆ ಜೋಡಿಸಿ ಉದ್ದ ಮಾಡಿಕೊಳ್ಳುವ ಬೋಗಿಗಳು ಎಂದರ್ಥ. ಜಪಾನಿನ ಲೋಕಲ್ ರೈಲಿಗೆ ಬೇರೆ ಇಂಜಿನ್ ಇರುವುದಿಲ್ಲ. ಆಟಿಕೆಯಲ್ಲೂ ಹಾಗೆಯೇ, ನಡುವಿನ ಯಾವುದೋ ಒಂದು ಬೋಗಿಯ ನೆಲದಡಿ ಮೋಟಾರು ಅಡಗಿರುತ್ತದೆ. ಆ ಬೋಗಿ ಬರುವುದು ‘ಕಿಹೋನ್’ ಎಂಬ ಮೂಲ ಸೆಟ್ಟಿನಲ್ಲಿ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ಬಹಳ ಹಳೆಯದು ಎಂದು ಆಮೇಲೆ ಆಫೀಸಿನ ಒಬ್ಬ ಹಿರಿಯರು ಹೇಳಿದರು. ಹೇಳುವಾಗ ನಗು ತಡೆದುಕೊಂಡಿದ್ದರು, ಜಪಾನೀಯರ ಮರ್ಯಾದೆ ಅದು.

ಅಪ್ಪ ತಡೆದುಕೊಳ್ಳಲಿಲ್ಲ. ಖಾನಾಪುರಕ್ಕೆ ಫೋನ್ ಮಾಡಿ ಹೇಳಿದಾಗ, “ಇಂಜಿನ್ ಇಲ್ಲದ ಗಾಡಿ ಯಾರರ ತಗೋತಾರೇನೋ ತಮ್ಮಾ?” ಎಂದು ಕೆಮ್ಮು ಬರುವವರೆಗೆ ನಕ್ಕ. ಅವ್ವ ಹೋದ ಮೇಲೆ ನಮ್ಮ ಫೋನ್ ಮಾತು ‘ಊಟ ಆತೇನು, ಮಳಿ ಐತೇನು’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಅವತ್ತು ಇಪ್ಪತ್ತು ನಿಮಿಷ ಮಾತಾಡಿದೆವು. ಹವ್ಯಾಸ ಮುಂದುವರಿಸಲು ನನಗೆ ಅಷ್ಟೇ ಸಾಕಾಯಿತು.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಸೇರಿ ಆಮೇಲೆ ಕೀಮ್ಯಾನ್ ಆದವನು. ಭುಜದ ಮೇಲೆ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ, ಚೀಲದಲ್ಲಿ ಅಪಾಯದ ಹೊತ್ತಿಗೆ ಹಳಿಯ ಮೇಲಿಡುವ ಪಟಾಕಿ. ಬೆಳಿಗ್ಗೆ ಹೊರಟರೆ ತನ್ನ ಬೀಟಿನ ಒಂದೊಂದು ಕೀಲಿಯನ್ನೂ ಫಿಶ್‌ಪ್ಲೇಟನ್ನೂ ನೋಡುತ್ತ, ಸಡಿಲಾದದ್ದನ್ನು ಬಡಿಯುತ್ತ ಗುಂಜಿಯ ದಿಕ್ಕಿಗೆ ನಡೆಯುತ್ತಿದ್ದ. ಖಾನಾಪುರದ ಮಳೆ ಗೊತ್ತಿದ್ದವರಿಗೆ ಆ ಕೆಲಸ ಏನೆಂದು ಹೇಳಬೇಕಾಗಿಲ್ಲ.

ಅವನ ಅರ್ಧ ನೌಕರಿ ಮೀಟರ್ ಗೇಜಿನ ಮೇಲೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಿದ ದಾರಿ ಅದು, ಎರಡು ಹಳಿಗಳ ನಡುವೆ ಸರಿಯಾಗಿ 1000 ಮಿಲಿಮೀಟರ್. 1992ರಲ್ಲಿ ದೇಶದಲ್ಲೆಲ್ಲ ಒಂದೇ ಗೇಜು ಎಂಬ ಯೋಜನೆ ಬಂದ ಮೇಲೆ ನಮ್ಮ ಲೈನಿನ ಪಾಳಿಯೂ ಬಂತು. 1676 ಮಿಲಿಮೀಟರಿನ ಬ್ರಾಡ್ ಗೇಜ್ ಬಂತು. ನಾನು ಶಾಲೆಯ ಹುಡುಗ. ಊರಿಗೆ ಊರೇ ಖುಷಿಪಟ್ಟಿತು, ಇನ್ನು ಮೀರಜಿನಲ್ಲಿ ಗಾಡಿ ಬದಲಿಸುವುದು ಬೇಡ ಎಂದು. ಖುಷಿ ಸರಿಯಾದದ್ದೇ. ಆದರೆ ‘ಆ ಸಣ್ಣ ಗಾಡಿ ಹೋತು, ಇನ್ನ ಖರೇ ರೈಲು ಬರ್ತೈತಿ’ ಎಂದು ಚಹಾದಂಗಡಿಯಲ್ಲಿ ಯಾರೋ ಅಂದಾಗ ಅಪ್ಪ ಅರ್ಧ ಕಪ್ಪು ಬಿಟ್ಟು ಎದ್ದು ಬಂದದ್ದು ನೆನಪಿದೆ. ತಾನು ಇಷ್ಟು ವರ್ಷ ಕಾದದ್ದು ಖರೇ ರೈಲಲ್ಲವೇ ಎಂದು ಅವನು ಯಾರನ್ನೂ ಕೇಳಲಿಲ್ಲ.

ಎರಡನೇ ಸಲ ನಾನು ಬುದ್ಧಿವಂತನಾದೆ. ಕಾಟೊ ಕಂಪನಿಯ ಸ್ಟಾರ್ಟರ್ ಸೆಟ್ ಕೊಂಡೆ, ಸುಮಾರು ಇಪ್ಪತ್ತು ಸಾವಿರ ಯೆನ್. ಹಸಿರು ಬಣ್ಣದ ಯಾಮಾನೊತೆ ಲೈನಿನ ನಾಲ್ಕು ಬೋಗಿ, ಮೋಟಾರು ಸಮೇತ. ಎಂಟು ಬಾಗಿದ ಹಳಿ ತುಂಡು, ಒಂದೊಂದೂ 45 ಡಿಗ್ರಿ. ನಡುವೆ ಹಾಕಲು ಒಂದಿಷ್ಟು ನೇರ ತುಂಡು. ವೇಗ ಹೆಚ್ಚು ಕಡಿಮೆ ಮಾಡುವ, ಹಿಂದೆ ಮುಂದೆ ಮಾಡುವ ಪವರ್ ಪ್ಯಾಕ್. ಹಳಿಗೆ ಜಲ್ಲಿಯ ಹಾಸೂ ಪ್ಲಾಸ್ಟಿಕ್ಕಿನಲ್ಲೇ ಅಚ್ಚಾಗಿ ಬರುತ್ತದೆ, ನೆಲದ ಮೇಲೆ ಒಂದಕ್ಕೊಂದು ಒತ್ತಿದರೆ ಮುಗಿಯಿತು. ಒಂದು ಎಚ್ಚರಿಕೆ: ಕಾಟೊ ಹಳಿಗೆ ಟೊಮಿಕ್ಸ್ ಕಂಪನಿಯ ಹಳಿ ನೇರವಾಗಿ ಜೋಡುವುದಿಲ್ಲ, ಕೊಂಡಿಗಳೇ ಬೇರೆ. ಗಾಡಿ ಯಾರದ್ದಾದರೂ ಓಡುತ್ತದೆ. ಹಳಿ ಮಾತ್ರ ಮೊದಲ ದಿನವೇ ಒಂದು ಮನೆತನ ಎಂದು ನಿಶ್ಚಯಿಸಿಕೊಂಡು ಬಿಡಬೇಕು.

ನನ್ನ ಕೋಣೆ ಆರು ತತಾಮಿ ಚಾಪೆಯಷ್ಟು. ಹಾಸಿಗೆ ಮಡಚಿಟ್ಟರೆ ಹಳಿಗೆ ಜಾಗ, ಹಳಿ ಎತ್ತಿಟ್ಟರೆ ಹಾಸಿಗೆಗೆ ಜಾಗ. ಜಪಾನಿನಲ್ಲಿ ಬಹಳ ಜನ ಹೀಗೇ ಆಡುವುದು ಎಂದು ತಿಳಿದಾಗ ಸಮಾಧಾನವಾಯಿತು. ರಾತ್ರಿ ಹತ್ತಕ್ಕೆ ಹಾಸುವುದು, ಹನ್ನೊಂದಕ್ಕೆ ಎತ್ತಿಡುವುದು. ಚಾಪೆಯ ಮೇಲೆ ಓಡಿಸಿದರೆ ಕೂದಲು, ದಾರ ಚಕ್ರಕ್ಕೆ ಸುತ್ತಿಕೊಳ್ಳುತ್ತವೆ ಎಂದು ಕಲಿತೆ. ಹಳಿಯ ಮೇಲೆ ಕಪ್ಪು ಮಸಿ ಕೂತರೆ ಗಾಡಿ ತಡವರಿಸುತ್ತದೆ ಎಂದು ಕಲಿತೆ. ಬೇಕಾದ ಮಾದರಿಯನ್ನು ಮುಂದಿನ ತಿಂಗಳು ಕೊಂಡರಾಯಿತು ಎನ್ನಬಾರದು, ಒಂದು ಸಲ ಒಂದಿಷ್ಟು ಮಾಡಿ ಮಾರಿ ಮುಗಿಸಿಬಿಡುತ್ತಾರೆ ಎಂದೂ ಕಲಿತೆ. ಖರೇ ಯಾಮಾನೊತೆ 34.5 ಕಿಲೋಮೀಟರಿನ ಸುತ್ತು, ಮೂವತ್ತು ಸ್ಟೇಷನ್ನು, ಒಂದು ಸುತ್ತಿಗೆ ಸುಮಾರು ಒಂದು ತಾಸು. ನನ್ನದು ಹಾಸಿಗೆಯಷ್ಟು ಜಾಗದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿ ಬರುತ್ತಿತ್ತು. ವಿಡಿಯೊ ಮಾಡಿ ಅಪ್ಪನಿಗೆ ಕಳಿಸುತ್ತಿದ್ದೆ. “ಚೆಂದ ಐತಿ” ಅನ್ನುತ್ತಿದ್ದ. ಅವನಿಗೆ ಕಾಣುತ್ತಿಲ್ಲ ಎಂದು ಅಕ್ಕ ಹೇಳಿದ ಮೇಲೆಯೇ ಗೊತ್ತಾದದ್ದು.

ಎರಡೂ ಕಣ್ಣಿಗೆ ಮೋತಿಬಿಂದು. ಎರಡು ವರ್ಷದಿಂದ ಆಪರೇಷನ್ ಮುಂದೂಡುತ್ತಲೇ ಬಂದಿದ್ದ. ಭತ್ತದ ನಾಟಿ ಮುಗೀಲಿ, ಗಣಪತಿ ಹಬ್ಬ ಮುಗೀಲಿ, ಚಳಿ ಮುಗೀಲಿ. ಆಗಸ್ಟಿನಲ್ಲಿ ಓಬೊನ್ ಹಬ್ಬಕ್ಕೆ ನಮ್ಮ ಆಫೀಸು ವಾರ ಮುಚ್ಚುತ್ತದೆ. ಅದಕ್ಕೆ ಇನ್ನೊಂದು ವಾರ ಸೇರಿಸಿ ಹೊರಟೆ. ಬಟ್ಟೆಗಳ ನಡುವೆ ಹಳಿ ತುಂಡುಗಳನ್ನು ಸುತ್ತಿಟ್ಟುಕೊಂಡಿದ್ದೆ.

ಅಕ್ಕನ ಮನೆ ಬೆಳಗಾವಿಯ ತಿಲಕವಾಡಿಯಲ್ಲಿ, ಎರಡನೇ ಗೇಟಿನ ಹತ್ತಿರ. ಮೊದಲು ಅಲ್ಲಿಗೇ ಹೋದೆ. ಅಳಿಯ ಹನ್ನೆರಡರ ಹುಡುಗ, ನಾನು ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿ, ಹಳಿ ಜೋಡಿಸಿ, ಪ್ಲಗ್ಗನ್ನೂ ಹಾಕಿಬಿಟ್ಟ. ಜಪಾನಿನ ಮನೆಗಳಲ್ಲಿ 100 ವೋಲ್ಟ್. ನಮ್ಮಲ್ಲಿ 230. ಟಪ್ ಎಂದಿತು, ಸುಟ್ಟ ವಾಸನೆ ಬಂತು, ಅಡಾಪ್ಟರ್ ಸತ್ತಿತು. ಹುಡುಗನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ, ಮೊದಲೇ ಎಚ್ಚರಿಸಬೇಕಿದ್ದದ್ದು ನಾನು. ವಿದೇಶದಿಂದ ಆಟಿಕೆ ರೈಲು ತರುವವರಾದರೂ ಇದೊಂದನ್ನು ನೆನಪಿಡಿ: ಡಬ್ಬ ಬಿಚ್ಚುವ ಮೊದಲು ಅಡಾಪ್ಟರಿನ ಬೆನ್ನು ಓದಿ.

ಉದ್ಯಮಬಾಗದ ಕಡೆ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವರು ಸುಟ್ಟದ್ದನ್ನು ಮೂಸಿ ಪಕ್ಕಕ್ಕಿಟ್ಟರು. “ಇದನ್ನ ಬಿಡ್ರಿ ಸಾಹೇಬ್ರ. ಗಾಡಿಗೆ ಎಷ್ಟ್ ಬೇಕು?” ಹನ್ನೆರಡು ವೋಲ್ಟ್ ಡಿಸಿ ಅಂದೆ. “ಇಷ್ಟs ಹೌದಲ್ಲ?” ಅಂದವರು, ಡ್ರಾವರಿನಿಂದ ಹನ್ನೆರಡು ವೋಲ್ಟಿನ ಒಂದು ಅಡಾಪ್ಟರು, ಸಣ್ಣ ಮೋಟಾರಿನ ವೇಗ ತಗ್ಗಿಸುವ ಗುಂಡಿಯಿರುವ ಒಂದು ಬೋರ್ಡು, ಆರು ಕಾಲಿನ ಒಂದು ಸ್ವಿಚ್ಚು ತೆಗೆದು ಅರ್ಧ ತಾಸಿನಲ್ಲಿ ಬೆಸೆದು ಕೊಟ್ಟರು. ಎರಡು ಹಳಿಗೆ ಹೋಗುವ ಪ್ಲಸ್ಸು ಮೈನಸ್ಸು ಅದಲು ಬದಲಾದರೆ ಗಾಡಿ ಹಿಂದೆ ಹೋಗುತ್ತದೆ, ಸ್ವಿಚ್ಚು ಮಾಡುವುದು ಅಷ್ಟೇ. ಟಿಫಿನ್ ಡಬ್ಬಿಯೊಂದರಲ್ಲಿ ಅದನ್ನು ಕೂಡಿಸಿ, “ಮಕ್ಕಳಿಗೇನ್ರಿ?” ಎಂದು ಕೇಳಿದರು. ಅಪ್ಪನಿಗೆ ಅಂದೆ. ಅವರು ಏನೂ ಅನ್ನಲಿಲ್ಲ. ರೊಕ್ಕ ಮಾತ್ರ ಸ್ವಲ್ಪ ಕಡಿಮೆ ತಗೊಂಡರು ಅನಿಸುತ್ತದೆ.

ಖಾನಾಪುರದಲ್ಲಿ ಮಳೆ ಮೂರು ದಿನದಿಂದ ನಿಂತಿರಲಿಲ್ಲ. ನಡುಮನೆಯ ಶಹಾಬಾದಿ ಫರಸಿಯ ಮೇಲೆ ಹಳಿ ಹಾಸಿದೆ. ಅಪ್ಪ ಗೋಡೆಗೊರಗಿ ಕೂತಿದ್ದ. ಗಾಡಿ ಹೊರಟಿತು, ಒಂದು ಸುತ್ತು ಬಂತು, ಅಡಿಗೆಮನೆಯ ಬಾಗಿಲ ಕಡೆಯ ತಿರುವಿನಲ್ಲಿ ಮಗುಚಿತು. ಎತ್ತಿಟ್ಟೆ. ಮತ್ತೆ ಅಲ್ಲೇ ಮಗುಚಿತು. ನಾಲ್ಕು ಸಲ ಹೀಗಾದ ಮೇಲೆ ಫರಸಿ ಏರುಪೇರಾಗಿದೆ ಎಂದು ಅದರ ಮೇಲೆ ಆರೋಪ ಹೊರಿಸಿದೆ.

“ಫರಸಿ ಅಲ್ಲ. ನಿಂದರ್ಸು” ಅಂದ ಅಪ್ಪ. ಮೊಣಕಾಲು ಹಿಡಿದು ನೆಲಕ್ಕಿಳಿದ. “ಹಂಗs ಮೆಲ್ಲಕ ಬಿಡು.” ತಲೆ ಓರೆ ಮಾಡಿ ಕೇಳಿಸಿಕೊಂಡ. ಆಮೇಲೆ ಗಾಡಿ ತೆಗೆಸಿ, ತೋರುಬೆರಳಿನ ತುದಿಯನ್ನು ಹಳಿಯ ತಲೆಯ ಮೇಲೆ ಜಾರಿಸುತ್ತ ಬಂದ. ಒಂದು ಜಾಯಿಂಟಿನ ಮೇಲೆ ಬೆರಳು ನಿಂತಿತು. “ಇಲ್ಲೆ. ಒಂದ್ ಹಳಿ ಮ್ಯಾಲ ಕುಂತೈತಿ.”

ನಾನು ಬಗ್ಗಿ ನೋಡಿದೆ. ಹಳಿಯ ತುದಿ ಕೊಂಡಿಯೊಳಗೆ ಹೋಗುವ ಬದಲು ಕೊಂಡಿಯ ನೆತ್ತಿಯ ಮೇಲೆ ಹತ್ತಿ ಕೂತಿತ್ತು. ಕೂದಲೆಳೆಯಷ್ಟು ಎತ್ತರ. ಈ ಹಳಿ ಜೋಡಿಸುವವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಇದೇ. ಕಣ್ಣಿದ್ದೂ ನನಗೆ ಕಂಡಿರಲಿಲ್ಲ. ಬಿಚ್ಚಿ ಸರಿಯಾಗಿ ಒತ್ತಿದೆ. ಅಪ್ಪ ದೇವರ ಗೂಡಿನ ಪಕ್ಕ ಮೊಮ್ಮಗ ಬಿಟ್ಟುಹೋಗಿದ್ದ ಸೀಮೆಸುಣ್ಣ ತಡಕಿ ತೆಗೆದು, ಆ ಜಾಯಿಂಟಿನ ಪಕ್ಕ ಗೆರೆ ಎಳೆದ. ಬೀಟಿನಲ್ಲಿ ಮಾಡುತ್ತಿದ್ದದ್ದು ಹಾಗೇ, ನಾಳೆ ಮತ್ತೆ ನೋಡಬೇಕಾದ ಜಾಗಕ್ಕೆ ಗುರುತು. ಗಾಡಿ ಹತ್ತು ಸುತ್ತು ಬಂತು.

ಆಮೇಲೆ ಬೋಗಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದ. ಹಳಿಗೆ ಹೆಬ್ಬೆರಳು ತೋರುಬೆರಳು ಹಚ್ಚಿ ಅಳೆದ. “ಇದು ಯಾ ಗೇಜು?”

ಒಂಬತ್ತು ಮಿಲಿಮೀಟರ್ ಅಂದೆ. ಅದಕ್ಕೇ ಎನ್ ಗೇಜ್ ಅನ್ನುತ್ತಾರೆ, ಜಪಾನಿನಲ್ಲಿ ಗಾಡಿಯನ್ನು 150ರಲ್ಲಿ ಒಂದು ಪಾಲಿಗೆ ಇಳಿಸುತ್ತಾರೆ ಅಂದೆ.

“ಅದಲ್ಲೋ. ಖರೇದು.”

1067 ಅಂದೆ. ಅಪ್ಪ ಬೋಗಿ ಸವರುವುದನ್ನು ನಿಲ್ಲಿಸಿದ. 1872ರಲ್ಲಿ ಶಿಂಬಾಶಿಯಿಂದ ಯೊಕೊಹಾಮಾಕ್ಕೆ ಅವರು ಮೊದಲ ರೈಲು ಹಾಕಿದ್ದೇ ಆ ಅಳತೆಗೆ. 1964ರಲ್ಲಿ ಶಿಂಕಾನ್ಸೆನ್ ಬಂದಾಗ ಅದಕ್ಕೆ 1435ರ ಬೇರೆ ದಾರಿಯನ್ನೇ ಹಾಕಿದರು, ಹಳೆಯದನ್ನು ಕೀಳಲಿಲ್ಲ. ಟೋಕಿಯೊದಲ್ಲಿ ಬೆಳಿಗ್ಗೆ ನಾನು ಒಂಟಿ ಕಾಲಲ್ಲಿ ನಿಂತು ಹೋಗುವ ಗಾಡಿ, ಹನ್ನೊಂದು ಬೋಗಿಯ ಯಾಮಾನೊತೆ, ಎಲ್ಲ ಇವತ್ತಿಗೂ ಅದರ ಮೇಲೆಯೇ. ಇದನ್ನೆಲ್ಲ ಹೇಳಿದೆ.

“ನಮ್ಮದಕ್ಕಿಂತ ಅರವತ್ತೇಳು ಮಿಲಿಮೀಟರ್ ಹೆಚ್ಚಿಗಿ. ಅಷ್ಟs” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಅಷ್ಟ್ ದೊಡ್ಡ ಊರಾಗ?” ಅಂದ.

ಹೌದಪ್ಪ ಅಂದೆ.

ಆಮೇಲೆ ಆಟಿಕೆಯ ದೋಷವನ್ನೂ ಹಿಡಿದ. “ಹಂಗಾರ ನಿನ್ನ ಹಳಿ ಅಗಲ ಆತು. ಸಣ್ಣ ಗೇಜಿನಾಗ ಡಬ್ಬಿ ಎರಡೂ ಕಡೆ ಹೊರಗ ಚಾಚಬೇಕು. ಇದು ಕಾಲ ಅಗಲಿಸಿ ನಿಂತಂಗ ಐತಿ.” ಲೆಕ್ಕ ಹಾಕಿದೆ. 1067ನ್ನು 150ರಿಂದ ಭಾಗಿಸಿದರೆ ಏಳು ಮಿಲಿಮೀಟರಿಗೆ ಚೂರು ಜಾಸ್ತಿ. ಕಂಪನಿಗಳು ಜಗತ್ತಿನೊಂದಿಗೆ ಹೊಂದಲೆಂದು ಒಂಬತ್ತರ ಮೇಲೆ ನಿಲ್ಲಿಸಿವೆ. ಜಪಾನಿನ ಪಳಗಿದ ಹವ್ಯಾಸಿಗಳು ಗೊಣಗುವ ವಿಷಯ ಅದು. ಅಪ್ಪನಿಗೆ ಎರಡು ಬೆರಳು ಸಾಕಾಯಿತು.

ಆ ರಾತ್ರಿ ಕತ್ತಲಲ್ಲಿ ಮಲಗಿಕೊಂಡೇ ಅವನು ಕಣ್ಣಿನ ಮಾತು ತೆಗೆದ. ನೌಕರಿಯಲ್ಲಿದ್ದಾಗ ನಾಲ್ಕಾರು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇರುತ್ತಿತ್ತು. ಅದರಲ್ಲಿ ಬಿದ್ದವನನ್ನು ಲೈನಿನಿಂದ ತೆಗೆದು ಕೂತು ಮಾಡುವ ಕೆಲಸಕ್ಕೆ ಹಾಕುತ್ತಿದ್ದರು. ಪ್ರತಿ ಸಲ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲವಂತೆ. ಡಾಕ್ಟರು ಅಕ್ಷರದ ಹಲಗೆ ತೋರಿಸಿದರೆ ಈಗಲೂ ಕೈ ತಣ್ಣಗಾಗುತ್ತವೆ ಅಂದ. ಎಪ್ಪತ್ತಮೂರು ವರ್ಷದವನು, ಪಿಂಚಣಿಗೆ ಬಂದು ಹದಿಮೂರು ವರ್ಷ. ನಾವು ಅಕ್ಕ ತಮ್ಮ ಇಬ್ಬರೂ ಅವನದು ಹಟ ಎಂದುಕೊಂಡಿದ್ದೆವು.

ರೈಲು ನೋಡಿ ಮನಸ್ಸು ಬದಲಾಯಿಸಿದ ಎಂದು ಬರೆದರೆ ಸುಳ್ಳಾಗುತ್ತದೆ. ಮರುದಿನ ಅಕ್ಕ ಬಾಡಿಗೆ ಕಾರು ತಗೊಂಡು ಬಂದು, ಒಲೆಯ ಮುಂದೆ ನಿಂತು ಹತ್ತು ನಿಮಿಷ ಬೈದು, ಕೂಡಿಸಿಕೊಂಡು ಹೋದಳು. ಬೆಳಗಾವಿಯ ಆಸ್ಪತ್ರೆಯಲ್ಲಿ ಎಡಗಣ್ಣಿನ ಆಪರೇಷನ್ ಆಯಿತು. ಅಕ್ಷರದ ಹಲಗೆಯ ಮುಂದೆ ಅವನ ಕೈ ಹಿಡಿದುಕೊಂಡಿದ್ದೆ, ತಣ್ಣಗೇ ಇತ್ತು.

ಪಟ್ಟಿ ಬಿಚ್ಚಿದ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು ಅಕ್ಕನ ಮನೆಯ ನೆಲದ ಮೇಲೆ ಗಾಡಿ ನೋಡಿದ. ಎರಡನೇ ಗೇಟು ಬಿದ್ದಿತ್ತು, ಹೊರಗೆ ಖರೇ ಗಾಡಿಯ ಸದ್ದು ಬರುತ್ತಿತ್ತು. ಅವನ ಗಮನ ಇದರ ಮೇಲೆಯೇ ಇತ್ತು. “ಜಾಯಿಂಟಿನ ಸಪ್ಪಳ ಕಮ್ಮಿ ಐತಿ” ಅಂದ. ಬಲಗಣ್ಣಿಗೆ ದೀಪಾವಳಿ ಆದ ಮೇಲೆ ಎಂದು ಡಾಕ್ಟರಿಗೆ ಹೇಳಿದ್ದಾನೆ. ಮತ್ತೆ ಒಂದು ಹಬ್ಬ ಬಂತು ನೋಡಿ.

ಟೋಕಿಯೊಗೆ ಬಂದು ಲೆಕ್ಕ ಮಾಡಿದೆ. ನಮ್ಮ ಮೀಟರ್ ಗೇಜನ್ನು 150ಕ್ಕೆ ಇಳಿಸಿದರೆ 6.67. ಇಲ್ಲಿ ಝಡ್ ಗೇಜ್ ಎಂದು ಇನ್ನೂ ಸಣ್ಣ ರೈಲಿಗೆ ಮಾರುವ ಹಳಿ 6.5 ಮಿಲಿಮೀಟರಿನದು. ಕೂದಲೆಳೆಯಷ್ಟು ಕಮ್ಮಿ, ಅಪ್ಪನ ಬೆರಳು ಹಿಡಿದರೂ ಹಿಡಿದೀತು. ನಾಲ್ಕು ನೇರ ತುಂಡು ತಂದಿದ್ದೇನೆ. ಅದರ ಮೇಲೆ ನಿಲ್ಲುವ ನಮ್ಮೂರ ಬೋಗಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ರಟ್ಟು ಕತ್ತರಿಸಿ ನಾನೇ ಮಾಡಬೇಕು. ಒಳಗೆ ಸೀಟು ಹೇಗಿದ್ದವು, ಕಿಟಕಿಗೆ ಎಷ್ಟು ಸರಳಿದ್ದವು ಎಂದು ಭಾನುವಾರ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದೇನೆ. “ಮೋಟಾರು ಎಲ್ಲಿ ಇಡ್ತಿ?” ಎಂದು ಹೋದ ವಾರ ಕೇಳಿದ. ಅದಿನ್ನೂ ಗೊತ್ತಾಗಿಲ್ಲ ಅಂದೆ. “ಮತ್ತ ಇಂಜಿನ್ ಇಲ್ಲದ ಗಾಡಿ” ಅಂದ.