ಇವತ್ತು ಎಷ್ಟು ಕಂಬ, ಅಜ್ಜಾ?

ನಾವಿಬ್ಬರೂ ರೋಣದವರು. ಅಣ್ಣ-ತಮ್ಮಂದಿರ ಮಕ್ಕಳು, ಓದೋದೂ ಒಂದೇ ಕಾಲೇಜಿನಲ್ಲಿ. ನಮ್ಮ ಅಜ್ಜ ಸಂತೆಗೆ ಹೊರಟರೆ ದಾರಿಯಲ್ಲಿ ನಾಲ್ಕು ಸಲ ನಿಲ್ಲುತ್ತಿದ್ದ. ಒಮ್ಮೆ ಗೊಬ್ಬರದ ಅಂಗಡಿ ಮುಂದೆ, ಒಮ್ಮೆ ಬಳೆ ಅಂಗಡಿ ಮುಂದೆ. "ಅಜ್ಜಾ, ಆಯಿಗೆ ಬಳಿ ಕೊಡಸ್ತಿ ಏನು?" ಅಂತ ನಾವು ಕಾಡಿಸ್ತಿದ್ವಿ. ಅಜ್ಜನೂ ನಗ್ತಿದ್ದ. ಮೀನಖಂಡ ಹಿಡಕೊಂಡು ನೋಯ್ತಿತ್ತು ಅನ್ನೋದನ್ನ ಮಾತ್ರ ಹೇಳಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಗದಗಿಗೆ ಕರ್ಕೊಂಡು ಹೋಗಿ ತೋರಿಸಿದ್ವಿ. ಡಾಕ್ಟರು ತೋಳಿನ ಬಿ.ಪಿ. ಜೊತೆಗೆ ಪಾದದ ಕೀಲಿನ ಹತ್ತಿರದ ಬಿ.ಪಿ.ಯನ್ನೂ ನೋಡಿದರು. ಕಾಲಿನದನ್ನು ತೋಳಿನದರಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬಂತು. ಅಂದರೆ ಕಾಲಿನ ರಕ್ತನಾಳ ಕಿರಿದಾಗಿದೆ. ಕಾರಣ ಬೀಡಿ ಮತ್ತು ಸಕ್ಕರೆ ಕಾಯಿಲೆ. ನಡೆಯುವಾಗ ನೋವು, ನಿಂತರೆ ಆರಾಮ. ಜರ್ಮನಿಯಲ್ಲಿ ಇದಕ್ಕೆ 'ಅಂಗಡಿ ಕಿಟಕಿ ಕಾಯಿಲೆ' ಅಂತಾರೆ. ನೋವು ಮುಚ್ಚಿಡೋಕೆ ಜನ ಅಂಗಡಿ ನೋಡೋ ಹಾಗೆ ನಿಲ್ತಾರಲ್ಲ, ಅದಕ್ಕೆ. ಅದನ್ನ ಓದಿದ ದಿನ ಬಳೆ ಅಂಗಡಿ ನೆನಪಾಗಿ ನಾವಿಬ್ಬರೂ ಮಾತಾಡಲಿಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಪೊಯ್ಸೆಲ್ ನಿಯಮ ನೆನಪಿದೆಯಾ? ಒತ್ತಡ ಅಷ್ಟೇ ಇದ್ದು ಪೈಪಿನ ತ್ರಿಜ್ಯ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಾಗುತ್ತೆ. ರಕ್ತನಾಳ ಕಬ್ಬಿಣದ ಪೈಪಲ್ಲ, ಆದರೂ ಅಜ್ಜನ ಕಷ್ಟ ಏನಂತ ಅದರಿಂದ ಅರ್ಥವಾಯ್ತು.

ಡಾಕ್ಟರು ಮಾತ್ರೆ ಬರೆದರು, ಬೀಡಿ ಬಿಡಿಸಿದರು. ಆಮೇಲೆ, "ನಡೀರಿ ಅಂತ ಹೇಳಿ ಬಿಟ್ಟರೆ ನಡೆಯೋದಿಲ್ಲ, ಪಕ್ಕದಲ್ಲಿ ಒಬ್ಬರು ಇರಬೇಕು" ಅಂದರು. ವಾರಕ್ಕೆ ಮೂರು ದಿನ, ಕನಿಷ್ಠ 12 ವಾರ. ನೋವು ಜೋರಾಗೋವರೆಗೂ ನಡೆಯೋದು, ಕೂತು ಪೂರ್ತಿ ಆರಿಸಿಕೊಳ್ಳೋದು, ಮತ್ತೆ ನಡೆಯೋದು. "ನೋವಾದ್ರ ನಿಲ್ಲಬೇಕಲ್ಲೋ ತಮ್ಮಾ?" ಅಂತ ಅಜ್ಜನ ವಾದ. ಇಲ್ಲೇ ಪಕ್ಕದಲ್ಲೊಬ್ಬರು ಬೇಕಾಗೋದು. ಕಿರಿದಾದ ನಾಳ ಇದರಿಂದ ಅಗಲ ಆಗೋದಿಲ್ಲ. ಆದರೆ ಸಿಕ್ಕಷ್ಟೇ ಆಮ್ಲಜನಕದಲ್ಲಿ ಹೆಚ್ಚು ಕೆಲಸ ಮಾಡೋದನ್ನ ಸ್ನಾಯು ಕಲಿಯುತ್ತೆ.

ಬೆಳಿಗ್ಗೆ ಆರಕ್ಕೆ ಹೊಲದ ದಾರಿ ಹಿಡೀತಿದ್ವಿ. ಅಳತೆಗೆ ಕರೆಂಟ್ ಕಂಬ, ಬರೆಯೋಕೆ ಹಳೇ ಲ್ಯಾಬ್ ರೆಕಾರ್ಡು. ಮೊದಲ ದಿನ ನಾಲ್ಕು ಕಂಬಕ್ಕೆ ಕೂತ. ಎಂಟು ವಾರಕ್ಕೆ ಒಂಬತ್ತು ಕಂಬ.

ಆಮೇಲೆ ನಾವು ಹಾಸ್ಟೆಲ್‌ಗೆ ಬಂದ್ವಿ. ಮೊದಮೊದಲು ದಿನಾ ಫೋನು: "ಇವತ್ತು ಎಷ್ಟು ಕಂಬ, ಅಜ್ಜಾ?" ಇಂಟರ್ನಲ್ಸ್ ಬಂತು, ಫೋನ್ ತಪ್ಪಿತು. ದೀಪಾವಳಿಗೆ ಊರಿಗೆ ಹೋದಾಗ ಐದೇ ಕಂಬ. "ಕೇಳವ್ರ ಇರಲಿಲ್ಲ, ಬಿಟ್ಟೆ" ಅಂದ. ತಪ್ಪು ನಮ್ಮದೇ.

ಅಮೆರಿಕದ ಕ್ಲೆವರ್ ಅಧ್ಯಯನದ ಬಗ್ಗೆ ಓದಿದ್ದು ಆಗಲೇ. ಅದರ ಮೊದಲ ಫಲಿತಾಂಶ 2011ರಲ್ಲಿ ಬಂತು. ಆರು ತಿಂಗಳಿಗೆ ನೋಡಿದಾಗ, ಸ್ಟೆಂಟ್ ಹಾಕಿಸಿಕೊಂಡವರಿಗಿಂತ ಮೇಲ್ವಿಚಾರಣೆಯಲ್ಲಿ ನಡೆದವರು ಟ್ರೆಡ್‌ಮಿಲ್ ಮೇಲೆ ಹೆಚ್ಚು ಹೊತ್ತು ನಡೆದರು. 18 ತಿಂಗಳಾದರೂ ಲಾಭ ಉಳಿದಿತ್ತು. ಆ ಕೊನೆಯ ಒಂದು ವರ್ಷ ಅವರಿಗೆ ಇದ್ದದ್ದು ಫೋನಿನ ವಿಚಾರಣೆ!

ಈಗ ಎಂಟನೇ ಕ್ಲಾಸಿನ ನಮ್ಮ ತಂಗಿ ಅಜ್ಜನ ಜೊತೆ ನಡೀತಾಳೆ, ರೆಕಾರ್ಡೂ ಅವಳ ಕೈಲಿದೆ. ನಮ್ಮ ಫೋನು ಪರೀಕ್ಷೆ ದಿನವೂ ತಪ್ಪಲ್ಲ. ಮೊನ್ನೆ ಹನ್ನೊಂದು ಕಂಬ. ಸಂತೆಗೆ ಹೋಗಿ ಆಯಿಗೆ ಬಳೆನೂ ತಂದನಂತೆ.

ನಿಮ್ಮ ಮನೆಯ ಹಿರಿಯರು ನಡೀತಾ ನಡೀತಾ ನಿಂತರೆ, ನಗಬೇಡಿ, ಮೀನಖಂಡ ನೋಯುತ್ತಾ ಅಂತ ಕೇಳಿ. ಮಲಗಿದಾಗಲೂ ಪಾದ ನೋಯ್ತಿದ್ದರೆ ಅಥವಾ ಕಾಲಿನ ಗಾಯ ಮಾಯದಿದ್ದರೆ ವ್ಯಾಯಾಮ ಅಂತ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ನಡಿಗೆ ಶುರು ಮಾಡೋದಿದ್ದರೂ ಅವರನ್ನ ಕೇಳಿಯೇ ಮಾಡಿ. ಶುರು ಮಾಡಿದ ಮೇಲೆ ಜೊತೆ ಬಿಡಬೇಡಿ.