ದಯೆಗೆ ಅರಿವೇ ಕಣ್ಣು

ದಯೆಯಿಲ್ಲದ ಆಚರಣೆಯನ್ನು ಬಸವಣ್ಣನವರು ಧರ್ಮವೆಂದೇ ಒಪ್ಪಲಿಲ್ಲ. ಆದರೆ ಶರಣರಿಗೆ ದಯೆಯೆಂದರೆ ಮನದೊಳಗಿನ ಮರುಕ ಮಾತ್ರವಲ್ಲ. ಅದು ಕಾಯಕವಾಗಿ ಕೈಗಿಳಿಯಬೇಕು, ಅರಿವಿನ ಬೆಳಕಿನಲ್ಲಿ ನಡೆಯಬೇಕು. ಇದರ ಮರ್ಮವನ್ನು ದೂರದ ದ್ವೀಪವೊಂದರ ಪುಟ್ಟ ಹಾಡುಹಕ್ಕಿಯ ವೃತ್ತಾಂತವು ಚೆನ್ನಾಗಿ ತಿಳಿಸಿಕೊಡುತ್ತದೆ.

ನ್ಯೂಜಿಲೆಂಡ್‌ನ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದ ಸಾಗರದಲ್ಲಿ ಚಾಥಮ್ ದ್ವೀಪಸಮೂಹವಿದೆ. ಅಲ್ಲಿನ ಕಪ್ಪು ರಾಬಿನ್ ಹಕ್ಕಿಯು ಮನುಷ್ಯರೊಡನೆ ಬಂದ ಬೆಕ್ಕು, ಇಲಿಗಳಿಗೆ ತುತ್ತಾಗಿ, ಕೊನೆಗೆ ಲಿಟಲ್ ಮಾಂಗೆರೆ ಎಂಬ ಒಂದೇ ಕಡಿದಾದ ನಡುಗಡ್ಡೆಯಲ್ಲಿ ಉಳಿಯಿತು. ಅಲ್ಲಿನ ಕಾಡೂ ಕ್ಷೀಣಿಸಿದಾಗ, 1976ರಲ್ಲಿ ಉಳಿದಿದ್ದ ಏಳೇ ಹಕ್ಕಿಗಳನ್ನು ನೆರೆಯ ಮಾಂಗೆರೆ ದ್ವೀಪಕ್ಕೆ ಸಾಗಿಸುವ ಕಾರ್ಯ ಆರಂಭವಾಯಿತು. 1980ರ ಹೊತ್ತಿಗೆ ಉಳಿದವು ಐದು. ಅವುಗಳಲ್ಲಿ ವಂಶ ಬೆಳೆಸಬಲ್ಲ ಹೆಣ್ಣು ಒಂದೇ. ಕಾಲಿನ ನೀಲಿ ಪಟ್ಟಿಯಿಂದಾಗಿ ಅದಕ್ಕೆ ಓಲ್ಡ್ ಬ್ಲೂ ಎಂಬ ಹೆಸರು.

ಡಾನ್ ಮರ್ಟನ್ ಮತ್ತು ಅವರ ಸಂಗಡಿಗರು ಅದರ ಮೊಟ್ಟೆಗಳನ್ನು ಟಾಮ್‌ಟಿಟ್ ಎಂಬ ಬೇರೆ ಜಾತಿಯ ಹಕ್ಕಿಯ ಗೂಡಿನಲ್ಲಿಟ್ಟರು. ತನ್ನ ಮೊಟ್ಟೆ ಕಳೆದುಕೊಂಡ ಓಲ್ಡ್ ಬ್ಲೂ ಮತ್ತೆ ಮೊಟ್ಟೆಯಿಟ್ಟಿತು. ಇತ್ತ ಟಾಮ್‌ಟಿಟ್ ಪರರ ಮರಿಯೆಂದು ದೂಡದೆ, ಗುಟುಕಿತ್ತು ಸಾಕಿತು. ಕುಲವನ್ನು ಕೇಳಿ ಅನ್ನವಿಕ್ಕುವ ಮನುಷ್ಯನು ಈ ಗೂಡಿನ ಮುಂದೆ ತಲೆ ತಗ್ಗಿಸಬೇಕು! ಇಂದು ಬದುಕಿರುವ 200ಕ್ಕೂ ಹೆಚ್ಚು ಕಪ್ಪು ರಾಬಿನ್‌ಗಳೆಲ್ಲವೂ ಓಲ್ಡ್ ಬ್ಲೂ ಮತ್ತು ಅದರ ಸಂಗಾತಿಯ ಸಂತತಿಯೇ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಕೆಲವು ಹೆಣ್ಣುಗಳು ಗೂಡಿನ ಅಂಚಿನ ಮೇಲೆ ಮೊಟ್ಟೆಯಿಡುತ್ತಿದ್ದವು. ಅಲ್ಲಿ ಮೊಟ್ಟೆಗೆ ಕಾವು ದೊರೆಯದು, ಮರಿಯಾಗದು. ಮರುಗಿದ ಸಂರಕ್ಷಕರು ಅವನ್ನು ಗೂಡಿನೊಳಗೆ ತಳ್ಳಿ ಉಳಿಸಿದರು. ಆ ಸ್ವಭಾವ ಮರಿಗಳಿಗೂ ಬಂದಿತು. 1989ರ ವೇಳೆಗೆ ಅರ್ಧಕ್ಕಿಂತ ಹೆಚ್ಚು ಹೆಣ್ಣುಗಳು ಅಂಚಿನಲ್ಲಿಯೇ ಮೊಟ್ಟೆಯಿಡತೊಡಗಿದ್ದವು. ಮನುಷ್ಯನ ಕೈಯಿಲ್ಲದೆ ಆ ಕುಲವೇ ಬಾಳದಂತಹ ಸ್ಥಿತಿ ಒದಗಲಿತ್ತು. ಆಗ ಅವರು ಕೈಯನ್ನು ಹಿಂದೆಗೆದರು. ಕೆಲವು ಮೊಟ್ಟೆಗಳು ಕೆಟ್ಟವು; ವರ್ಷಗಳು ಕಳೆದಂತೆ ಆ ದೋಷವೂ ಬಹುಮಟ್ಟಿಗೆ ಕುಗ್ಗಿತು.

ಮೊಟ್ಟೆಯನ್ನು ಒಳಗೆ ತಳ್ಳಿದ್ದೂ ದಯೆ, ತಳ್ಳದೆ ನಿಂತದ್ದೂ ದಯೆಯೇ. ಎರಡನೆಯದು ಕಠಿಣ, ಏಕೆಂದರೆ ಅಲ್ಲಿ ಕೊಡುವವನಿಗೆ ಕೊಟ್ಟೆನೆಂಬ ಸುಖವಿಲ್ಲ. ಶರಣರ ದಾಸೋಹ ತತ್ತ್ವವು ನೀಡುವವನ ಅಹಂಕಾರವನ್ನು ಕಳೆಯುವುದು ಇದೇ ಕಾರಣಕ್ಕೆ. ಮಕ್ಕಳನ್ನು ಸಾಕುವಲ್ಲಿ, ಬಡವರಿಗೆ ನೆರವಾಗುವಲ್ಲಿ ಭಕ್ತನು ತನ್ನನ್ನು ತಾನೇ ಕೇಳಿಕೊಳ್ಳಬೇಕು: ಈ ಕೈ ಅವರನ್ನು ನಿಲ್ಲಿಸುತ್ತಿದೆಯೋ, ಅಥವಾ ತನ್ನ ಮೇಲೆಯೇ ಒರಗಿಸಿಕೊಳ್ಳುತ್ತಿದೆಯೋ? ಹಕ್ಕಿಯು ಹಾರಿಹೋದಾಗ ಬರಿದಾದ ಕೈಯನ್ನು ಕಂಡು ಹಿಗ್ಗುವವನೇ ನಿಜವಾದ ದಾಸೋಹಿ.