ದಂಡಿನ ಗುಮ್ಮಟ: ಲಂಡನ್ ಕಥೆಯ ರೀಮೇಕ್!

ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಳ್ಳುವವರಿಗೆ ಸೇಂಟ್ ಮೇರಿ ಬೆಸಿಲಿಕಾದ ಗೋಪುರ ಹೊಸದಲ್ಲ. 1882ರ ಆ ಚರ್ಚು ಗಾಥಿಕ್ ಜಾತಿಯದು. ಎಲ್ಲವೂ ಚೂಪು, ಎಲ್ಲವೂ ಮೇಲ್ಮುಖ. ಅಲ್ಲಿಂದ ಕಬ್ಬನ್ ರಸ್ತೆ ದಾಟಿ ಎಂ.ಜಿ. ರಸ್ತೆಯ ಪಶ್ಚಿಮದ ತುದಿಯವರೆಗೆ ಕಾಲು ಹಾಕಿ. ಅಲ್ಲೊಂದು ಚರ್ಚು ಚೂಪು ಬಿಟ್ಟು, ದುಂಡನೆಯ ಗುಮ್ಮಟ ಹೊತ್ತು ಮರಗಳ ನಡುವೆ ಕೂತಿದೆ. ಅದೇ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. ಇದೇ ರಸ್ತೆಯ ಪ್ಲಾಜಾ ಟಾಕೀಸಿಗೆ ಇಂಗ್ಲಿಷ್ ಪಿಕ್ಚರ್ ನೋಡಲು ಬರುತ್ತಿದ್ದ ಹಳಬರಿಗೆ ಇದು ಗೊತ್ತು. ಟಾಕೀಸು ಹೋಯಿತು, ಗುಮ್ಮಟ ಉಳಿಯಿತು.

ಈ ಗುಮ್ಮಟ ರೀಮೇಕ್ ಕಣ್ರೀ! ಒರಿಜಿನಲ್ ಇರೋದು ಲಂಡನ್ನಿನಲ್ಲಿ, ಸೇಂಟ್ ಪಾಲ್ಸ್ ಕೆಥೆಡ್ರಲ್. 1666ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದು ಹಳೆಯ ಚರ್ಚು ಹಾಳಾದ ಮೇಲೆ ಕ್ರಿಸ್ಟೋಫರ್ ರೆನ್ ಎಂಬ ಮಹಾಶಯ 1675ರಿಂದ 1710ರವರೆಗೆ ಕಟ್ಟಿಸಿದ್ದು. ಶೈಲಿ ಬರೋಕ್. ಪೋರ್ಚುಗೀಸರು ಸೊಟ್ಟ ಮುತ್ತಿಗೆ ಹೇಳುತ್ತಿದ್ದ ಮಾತಂತೆ ಅದು. ಬಾಗು, ಬಳುಕು, ನೆರಳು ಬೆಳಕಿನ ಆಟ... ನೋಡಿದವನ ಎದೆ ಝಲ್ಲೆನ್ನಬೇಕು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಪಕ್ಕಾ ಸಿನಿಮಾಸ್ಕೋಪ್!

ರೆನ್ ಮಾಡಿದ ಟ್ರಿಕ್ ಕೇಳಿ. 365 ಅಡಿ ಎತ್ತರದ ಆ ಗುಮ್ಮಟ ಒಂದಲ್ಲ, ಮೂರು. ಒಳಗೆ ನಿಂತವನಿಗೆ ಕಾಣುವುದು ಒಂದು. ಬೀದಿಯಲ್ಲಿ ನಿಂತವನಿಗೆ ಕಾಣುವುದು ಮರದ ಚೌಕಟ್ಟಿಗೆ ಸೀಸ ಹೊದಿಸಿದ ಇನ್ನೊಂದು. ಇವೆರಡರ ಮಧ್ಯೆ ಯಾರಿಗೂ ಕಾಣದ ಇಟ್ಟಿಗೆಯ ಶಂಕು. ತುತ್ತತುದಿಯ ಕಲ್ಲಿನ ಕಳಶದ ಭಾರ ಹೊರುವುದು ಅದೇ! ಪಕ್ಕದ ಗೋಡೆಗಳ ಮೇಲಿನ ಅಂತಸ್ತು ಕೂಡ ಬರೀ ಪರದೆ, ಹಿಂದೆ ಕೋಣೆಗಳೇ ಇಲ್ಲ. ನಮ್ಮ ಸ್ಟುಡಿಯೋ ಸೆಟ್ಟಿನವರು ನಾಚಬೇಕು.

ಬೆಂಗಳೂರಿನ ಆವೃತ್ತಿ ಶುರುವಾದದ್ದು 1808ರಲ್ಲಿ, ದಂಡು ಇಲ್ಲಿ ಬೀಡುಬಿಡುತ್ತಿದ್ದ ಕಾಲ. ಕಂಪನಿಯ ಸೈನಿಕರಿಗೆ ಪ್ರಾರ್ಥನೆಗೊಂದು ಜಾಗ ಬೇಕಿತ್ತು. 1812ಕ್ಕೆ ಕಟ್ಟಡ ಮುಗಿದು, 1816ರಲ್ಲಿ ಕಲ್ಕತ್ತೆಯ ಬಿಷಪ್ಪರು ಬಂದು ಪ್ರತಿಷ್ಠೆ ಮಾಡಿದರು. ಬೆಂಕಿ ಮಾತ್ರ ರೀಮೇಕನ್ನೂ ಬಿಡಲಿಲ್ಲ ನೋಡಿ. 1923ರಲ್ಲಿ ಇದೂ ಸುಟ್ಟಿತು. ಮತ್ತೆ ಕಟ್ಟಿ 1927ರಲ್ಲಿ ಬಾಗಿಲು ತೆರೆದರು. ಲಂಡನ್ನಿನದೋ, 1940ರಲ್ಲಿ ಸುತ್ತಮುತ್ತಲೆಲ್ಲ ಬಾಂಬಿಗೆ ಉರಿಯುತ್ತಿದ್ದಾಗಲೂ ಉಳಿದುಕೊಂಡಿತು.

ಕಾಪಿ ಅಂತ ಮೂಗು ಮುರಿಯುವವರು ಒಳಗೆ ಕಾಲಿಟ್ಟಿಲ್ಲ ಅಂತಲೇ ನನ್ನ ಲೆಕ್ಕ. ಲಂಡನ್ನಿನ ಅಬ್ಬರ ಇಲ್ಲಿಲ್ಲ, ಬಜೆಟ್ಟೂ ಇರಲಿಲ್ಲ ಬಿಡಿ. ರೋಮನ್ ಕಮಾನುಗಳು, ಅರ್ಧಚಂದ್ರದ ಹಾಗೆ ಬಾಗಿದ ಪೂಜಾಸ್ಥಳ, ಬಣ್ಣದ ಗಾಜು, ಮರದ ಕೆತ್ತನೆ. ಅಷ್ಟರಲ್ಲೇ ಒಂದು ಗಾಂಭೀರ್ಯ ತಂದಿದ್ದಾರೆ. ಅಪ್ಪಟ ಬರೋಕೇ ಬೇಕೆನ್ನುವವರು ಗೋವೆಯ ಬೋಮ್ ಜೀಸಸ್‌ಗೆ ಹೋಗಲಿ, ಅದು 1605ರದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಗುಮ್ಮಟವಲ್ಲ, ಗೋಡೆ. ಅಮೃತಶಿಲೆ, ಹಿತ್ತಾಳೆ ಫಲಕಗಳ ತುಂಬ ಹೆಸರುಗಳು. ಸಾಗರ ದಾಟಿ ಬಂದು ಮತ್ತೆ ಊರು ಕಾಣದ ಸೇನೆಯವರು. ಅಕ್ಷರ ಕೂಡಿಸಿಕೊಂಡು ಒಂದೊಂದೇ ಓದುತ್ತಾ ಹೋದೆ. ಆಮೇಲೆ ಇನ್ನೊಂದು ಸುತ್ತು ಬಂದೆ, ಗಾರೆ ಕೆಲಸದವನ ಹೆಸರು ಎಲ್ಲಾದರೂ ಇದೆಯಾ ಅಂತ. ಸುಣ್ಣ ಅರೆದವಳು, ಇಟ್ಟಿಗೆ ಹೊತ್ತವನು, ಸುಟ್ಟ ಮೇಲೆ ಮತ್ತೆ ಸಾರುವೆ ಹತ್ತಿದವನು? ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ನಮ್ಮ ಪಿಕ್ಚರುಗಳಲ್ಲಿ ಲೈಟ್ ಹೊರುವ ಹುಡುಗರ ಪಾಡೂ ಬಹಳ ಸಲ ಇದೇ ತಾನೆ? ಲಂಡನ್ನಿನಲ್ಲಿ ರೆನ್‌ಗಾದರೋ ಅವನ ಕೆಥೆಡ್ರಲ್ಲಿನ ನೆಲಮಾಳಿಗೆಯಲ್ಲೇ ಸಮಾಧಿ.

ಭಾನುವಾರ ಬೆಳಿಗ್ಗೆ ಪ್ರಾರ್ಥನೆ ಇರುತ್ತದೆ, ಆಗ ಕ್ಯಾಮೆರಾ ಹಿಡಿದು ನುಗ್ಗಬೇಡಿ. ವಾರದ ದಿನ ಹೋಗಿ, ಬಾಗಿಲಲ್ಲಿ ಕೇಳಿಕೊಂಡು ಒಳಗೆ ಕೂತು ತಲೆ ಎತ್ತಿ ನೋಡಿ. ಟಿಕೆಟ್ಟಿಲ್ಲ, ಇಂಟರ್‌ವಲ್ಲೂ ಇಲ್ಲ.